ಹಬ್ಬಕ್ಕೆ ಇಪ್ಪತ್ತು ಜನ ಬಂದರೆ ಬಿಸಿಬೇಳೆಬಾತೋ, ಪುಳಿಯೋಗರೆಯೋ, ವಾಂಗೀಬಾತೋ?

ಹಬ್ಬಕ್ಕೆ ನೆಂಟರು ಸೇರಿದಾಗ ಎರಡು ಪಲ್ಯ, ಹುಳಿ, ಸಾರು, ಗೊಜ್ಜು, ಒಬ್ಬಟ್ಟು ಎಂದು ಬಾಳೆಎಲೆಯ ಮೇಲೆ ಜಾಗವೇ ಉಳಿಯದಂತೆ ಬಡಿಸಬೇಕು ಎನ್ನುವವರ ಜೊತೆ ನನಗೆ ಜಗಳವಿಲ್ಲ. ಆದರೆ ಅಂಥ ಮನೆಗಳಲ್ಲಿ ಯಾರೋ ಒಬ್ಬರು ಹಬ್ಬವಿಡೀ ಒಲೆಯ ಮುಂದೆಯೇ ಕಳೆಯುತ್ತಾರೆ. ಮೈಸೂರಿನ ನಮ್ಮ ಮನೆಯಲ್ಲಿ ಆ ಒಬ್ಬರು ಅಮ್ಮ ಆಗಿದ್ದರು. ಅವರ ಮಂಡಿನೋವು ಹೆಚ್ಚಾದ ಮೇಲೆ ಅಡುಗೆಮನೆ ನನ್ನ ಮತ್ತು ಅತ್ತಿಗೆಯ ಕೈಗೆ ಬಂತು. ನಾವಿಬ್ಬರೂ ಕೂತು ಲೆಕ್ಕ ಹಾಕಿ ಊಟವನ್ನು ಒಂದು ಕಲಸಿದ ಅನ್ನ, ಒಂದು ಕೋಸಂಬರಿ, ಒಂದು ಸಿಹಿ, ಕೊನೆಗೆ ಮೊಸರನ್ನ ಎಂದು ಇಳಿಸಿದೆವು. ಉಳಿದದ್ದು ಒಂದೇ ಪ್ರಶ್ನೆ: ಆ ಕಲಸಿದ ಅನ್ನ ಯಾವುದು?

ಗೌರಿ ಹಬ್ಬ, ದಸರಾ, ದೀಪಾವಳಿ ಎಂದು ಬೇರೆ ಬೇರೆ ಹಬ್ಬಗಳಲ್ಲಿ ಮೂರನ್ನೂ ಮಾಡಿ ನೋಡಿದ್ದೇವೆ. ರುಚಿಯ ವಿಷಯದಲ್ಲಿ ತೀರ್ಪು ಕೊಡುವಷ್ಟು ದೊಡ್ಡವಳು ನಾನಲ್ಲ, ಅದು ಅವರವರ ನಾಲಿಗೆಗೆ ಬಿಟ್ಟಿದ್ದು. ನಾನು ನೋಡಿದ್ದು ಕೆಲಸವನ್ನು. ಪುಡಿ ಹುರಿಯುವುದರಿಂದ ಹಿಡಿದು ಪಾತ್ರೆ ಇಳಿಸುವವರೆಗೆ ಮೂರಕ್ಕೂ ಹಿಡಿಯುವ ಹೊತ್ತು ಹೆಚ್ಚುಕಡಿಮೆ ಒಂದೇ. ಆದರೆ ಆ ಕೆಲಸ ನೆಂಟರು ಬರುವುದಕ್ಕೆ ಮೊದಲೇ ಮುಗಿಯುತ್ತದೆಯೋ, ಅವರು ಹಜಾರದಲ್ಲಿ ನಗುತ್ತಾ ಕೂತಿರುವಾಗ ನಮ್ಮ ತಲೆಯ ಮೇಲೆ ಬೀಳುತ್ತದೆಯೋ ಎನ್ನುವುದರಲ್ಲಿ ಮೂರಕ್ಕೂ ಅಜಗಜಾಂತರ ವ್ಯತ್ಯಾಸವಿದೆ.

ಮನೆಯವರ ಕೈ ಎತ್ತಿಸಿ ಕೇಳಿದರೆ ಗೆಲ್ಲುವುದು ಬಿಸಿಬೇಳೆಬಾತ್. ಅಣ್ಣನಂತೂ ಬೇರೆ ಹೆಸರನ್ನೇ ಹೇಳುವುದಿಲ್ಲ. ಇಪ್ಪತ್ತು ಜನರಿಗೆ 1 ಕಿಲೋ ಸೋನಾಮಸೂರಿ, 750 ಗ್ರಾಂ ತೊಗರಿಬೇಳೆ, ಒಂದೂವರೆ ಕಿಲೋದಷ್ಟು ತರಕಾರಿ ಬೇಕು. ಹುರುಳಿಕಾಯಿ, ಕ್ಯಾರೆಟ್, ನವಿಲುಕೋಸು, ಹಸಿ ಬಟಾಣಿ ಸಾಕು. ಆಲೂಗಡ್ಡೆ ಹಾಕುವವರಿದ್ದಾರೆ, ಆದರೆ ಅದು ಕರಗಿ ಮೊದಲೇ ಗಟ್ಟಿಯಾಗುವ ಬಾತನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಪುಡಿಯನ್ನು ವಾರದ ಹಿಂದೆಯೇ ಮಾಡಿಡಬಹುದು: ಕೊತ್ತಂಬರಿ ಬೀಜ, ಕಡಲೆಬೇಳೆ, ಉದ್ದಿನಬೇಳೆ, ಚಕ್ಕೆ, ಲವಂಗ, ಮರಾಠಿ ಮೊಗ್ಗು, ಗಸಗಸೆ, ಕೊಬ್ಬರಿ, ಬ್ಯಾಡಗಿ ಮೆಣಸಿನಕಾಯಿ. ಮಕ್ಕಳಿರುವ ಮನೆಗೆ ಬ್ಯಾಡಗಿಯೇ ಸರಿ. ಬಣ್ಣ ಕಡುಗೆಂಪು, ಖಾರ ಹಿತ.

ಇಷ್ಟು ಸುಲಭ ಎನ್ನುವಷ್ಟರಲ್ಲಿ ಪಾತ್ರೆಯ ತಾಪತ್ರಯ ಶುರುವಾಗುತ್ತದೆ. ಅಕ್ಕಿ ಮತ್ತು ಬೇಳೆ ಬೇಯುವಾಗ ಉಬ್ಬಿ ನೊರೆಯೇಳುತ್ತವೆ, ಆದ್ದರಿಂದ ಕುಕ್ಕರನ್ನು ಅರ್ಧಕ್ಕಿಂತ ಮೇಲೆ ತುಂಬುವಂತಿಲ್ಲ. ನಾಲ್ಕು ಜನರ ಮನೆಯ 5 ಲೀಟರಿನ ಕುಕ್ಕರಿನಲ್ಲಿ ಕಂತು ಕಂತಾಗಿ ಬೇಯಿಸಬೇಕು. ಹುಣಸೆರಸವನ್ನು ಬೇಳೆಯ ಜೊತೆಗೇ ಹಾಕಿ ಕೂಗಿಸಿಬಿಡೋಣ ಎಂದರೆ ಅದೂ ಆಗದು, ಹುಳಿ ಬಿದ್ದ ಬೇಳೆ ಬೇಗ ಮೆತ್ತಗಾಗುವುದಿಲ್ಲ. ತರಕಾರಿಗೆ ಅದೇ ಗುಣ ಒಳ್ಳೆಯದು. ಹುಣಸೆನೀರಿನಲ್ಲಿ ಬೆಂದ ಹುರುಳಿಕಾಯಿ ಕೊನೆಯವರೆಗೂ ಹೋಳಾಗಿಯೇ ಉಳಿಯುತ್ತದೆ. ಹಾಗಾಗಿ ನಾವು ಅಕ್ಕಿ ಬೇಳೆಯನ್ನು ಕುಕ್ಕರಿನಲ್ಲಿ, ತರಕಾರಿಯನ್ನು ಉಪ್ಪು, ಬೆಲ್ಲ, ಹುಣಸೆರಸದ ಜೊತೆ ಬೇರೆ ಪಾತ್ರೆಯಲ್ಲಿ ಬೇಯಿಸಿ, ಆಮೇಲೆ ಎರಡನ್ನೂ ದೊಡ್ಡ ತಪ್ಪಲೆಯಲ್ಲಿ ಸೇರಿಸಿ ಪುಡಿ ಹಾಕುತ್ತೇವೆ. ಒಟ್ಟು ನೀರೇ 8–9 ಲೀಟರ್ ಹಿಡಿಯುವುದರಿಂದ ಆ ತಪ್ಪಲೆಯನ್ನು ಒಬ್ಬರೇ ಎತ್ತುವಂತಿಲ್ಲ.

ಕೊನೆಯ ಅರ್ಧ ಗಂಟೆಯೇ ನಿಜವಾದ ಪರೀಕ್ಷೆ. ಸೌಟು ನಿಂತರೆ ತಳ ಹಿಡಿಯುತ್ತದೆ, ತಳ ಹಿಡಿದ ವಾಸನೆಯನ್ನು ಎಷ್ಟು ತುಪ್ಪ ಸುರಿದರೂ ಮುಚ್ಚಲಾಗದು. ಗಟ್ಟಿಯಾಗುತ್ತಾ ಬಂದಂತೆ ಒಳಗಿನ ಉಗಿ ಮೇಲೆ ಬರಲು ದಾರಿಯಿಲ್ಲದೆ ದೊಡ್ಡ ಗುಳ್ಳೆಯಾಗಿ ಏಳುತ್ತದೆ. ಅದು ಬೊಳಕ್ಕನೆ ಒಡೆದಾಗ ಹಾರುವ ಹನಿ ಬಂದು ಕೂರುವುದು ಸರಿಯಾಗಿ ಮಣಿಕಟ್ಟಿನ ಮೇಲೆ, ಬಳೆ ಇರುವ ಜಾಗದಲ್ಲಿ. ಅತ್ತಿಗೆ ಈಗ ಉದ್ದ ತೋಳಿನ ಹಳೆಯ ಅಂಗಿಯೊಂದನ್ನು ಇದಕ್ಕೆಂದೇ ಇಟ್ಟುಕೊಂಡಿದ್ದಾರೆ.

ಇಳಿಸಿದ ಮೇಲಾದರೂ ಬಿಡುವು ಸಿಗುತ್ತದೆಯೇ? ಅನ್ನ ನೀರು ಕುಡಿಯುವುದನ್ನು ನಿಲ್ಲಿಸುವುದಿಲ್ಲ. ಇಳಿಸುವಾಗ ಸೌಟಿನಿಂದ ಜಾರುತ್ತಿದ್ದ ಬಾತ್ ಅರ್ಧ ಗಂಟೆಯಲ್ಲಿ ಮುದ್ದೆಯಾಗಿರುತ್ತದೆ. ಪಕ್ಕದ ಒಲೆಯಲ್ಲಿ ಬಿಸಿನೀರು ಇರಲೇಬೇಕು, ಸೇರಿಸಿದಾಗೆಲ್ಲ ಉಪ್ಪು ನೋಡಬೇಕು, ಮತ್ತೆ ಕುದಿಸಬೇಕು. ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತರೆ ಇದಾವುದೂ ತೊಂದರೆಯಲ್ಲ. ತಪ್ಪಲೆಯಿಂದ ನೇರ ಎಲೆಗೆ, ಮೇಲೊಂದು ಚಮಚ ತುಪ್ಪ, ಪಕ್ಕದಲ್ಲಿ ಖಾರಾಬೂಂದಿ. ಆ ಹತ್ತು ನಿಮಿಷದಲ್ಲಿ ಬೇರೆ ಯಾವ ಬಾತೂ ಅದರ ಹತ್ತಿರ ಸುಳಿಯಲಾರದು. ಆದರೆ ಹಬ್ಬದ ದಿನ ನಮ್ಮ ಮನೆಯಲ್ಲಿ ಎಲ್ಲರೂ ಒಂದೇ ಪಂಕ್ತಿಗೆ ಸಿಕ್ಕಿದ್ದನ್ನು ನಾನು ಕಾಣೆ.

ವಿಜಯದಶಮಿಯನ್ನೇ ತೆಗೆದುಕೊಳ್ಳಿ. ಜಂಬೂಸವಾರಿ ಅರಮನೆಯಿಂದ ಹೊರಡುವುದು ಮಧ್ಯಾಹ್ನದ ಮೇಲೆ. ಆದರೆ ಬನ್ನಿಮಂಟಪದವರೆಗಿನ ದಾರಿಯಲ್ಲಿ ನಿಲ್ಲಲು ಜಾಗ ಬೇಕಾದವರು ಬೆಳಿಗ್ಗೆಯೇ ಮನೆ ಬಿಡುತ್ತಾರೆ. ಬೆಂಗಳೂರಿನ ರೈಲಿನಲ್ಲಿ ಬರುವವರು ಒಂದು ಹೊತ್ತಿಗೆ, ಹಾಸನದ ಬಸ್ಸಿನವರು ಇನ್ನೊಂದು ಹೊತ್ತಿಗೆ ಬರುತ್ತಾರೆ, ಕಾರಿನಲ್ಲಿ ಬಂದವರು ರಸ್ತೆ ಬಂದ್ ಆಗಿ ಎಲ್ಲೋ ಸಿಕ್ಕಿಕೊಂಡಿರುತ್ತಾರೆ. ಹನ್ನೊಂದಕ್ಕೆ ಉಂಡು ಹೋಗುವವರಿಗೂ, ಮೂರಕ್ಕೆ ಬಂದು ಎಲೆ ಹಾಕಿಸಿಕೊಳ್ಳುವವರಿಗೂ, ಡಬ್ಬಿಗೆ ತುಂಬಿಕೊಂಡು ಓಡುವವರಿಗೂ ಒಂದೇ ರುಚಿಯಲ್ಲಿ ಸಿಗುವುದು ಪುಳಿಯೋಗರೆ ಮಾತ್ರ.

ಅದರ ಶ್ರಮವೆಲ್ಲ ಗೊಜ್ಜಿನಲ್ಲಿದೆ. ಗೊಜ್ಜನ್ನು ಹಬ್ಬಕ್ಕೆ ನಾಲ್ಕೈದು ದಿನ ಮೊದಲೇ, ರಾತ್ರಿ ಊಟವಾದ ಮೇಲೆ ರೇಡಿಯೋ ಹಾಕಿಕೊಂಡು ನಿಧಾನವಾಗಿ ಮಾಡಬಹುದು. 2 ಕಿಲೋ ಅಕ್ಕಿಗೆ 200 ಗ್ರಾಂ ಹುಣಸೆಹಣ್ಣು, 150 ಗ್ರಾಂ ಬೆಲ್ಲ, ಕೈ ಹಿಡಿಯದೆ ಎಣ್ಣೆ. ಹುಣಸೆಯನ್ನು ಬಿಸಿನೀರಿನಲ್ಲಿ ನೆನೆಸಿ, ಗಟ್ಟಿ ರಸ ತೆಗೆದು, ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆಗೆ ಸುರಿದು, ಉಪ್ಪು, ಅರಿಸಿನ, ಬೆಲ್ಲ ಹಾಕಿ ಸಣ್ಣ ಉರಿಯಲ್ಲಿ ಬಿಡಬೇಕು. ಮೊದಲು ಹಸಿ ವಾಸನೆ ಹೋಗುತ್ತದೆ, ಆಮೇಲೆ ರಸ ಕಂದುಬಣ್ಣದಿಂದ ಕಪ್ಪಿಗೆ ತಿರುಗುತ್ತದೆ, ಕೊನೆಗೆ ಬಾಣಲೆಯ ಅಂಚಿನ ಸುತ್ತ ಎಣ್ಣೆ ಬಳೆಯ ಹಾಗೆ ಬಿಟ್ಟುಕೊಳ್ಳುತ್ತದೆ. ಆ ಎಣ್ಣೆ ಕಂಡ ಮೇಲೆಯೇ ಪುಡಿ ಹಾಕುವುದು. ಮೆಂತ್ಯ, ಮೆಣಸು, ಜೀರಿಗೆ, ಕೊತ್ತಂಬರಿ ಬೀಜ, ಬ್ಯಾಡಗಿ, ಎಳ್ಳು, ಕೊಬ್ಬರಿ ಎಲ್ಲವನ್ನೂ ಬೇರೆ ಬೇರೆಯಾಗಿ ಹುರಿದೇ ಪುಡಿ ಮಾಡಬೇಕು. ಮೆಂತ್ಯ ಒಂದು ಸೀದರೂ ಇಡೀ ಜಾಡಿ ಕಹಿ. ಕರಿ ಎಳ್ಳೇ ಆಗಬೇಕು ಎಂದು ಅಮ್ಮ, ಹುಚ್ಚೆಳ್ಳು ಹಾಕದಿದ್ದರೆ ಅದು ಪುಳಿಯೋಗರೆಯೇ ಅಲ್ಲ ಎಂದು ದೊಡ್ಡಮ್ಮ. ಈ ವ್ಯಾಜ್ಯ ನನ್ನ ಕಾಲದಲ್ಲಿ ತೀರುವಂಥದ್ದಲ್ಲ.

ಒಣಗಿದ ಗಾಜಿನ ಜಾಡಿಯಲ್ಲಿ, ಒಣ ಚಮಚವನ್ನೇ ಬಳಸುವುದಾದರೆ, ಗೊಜ್ಜು ವಾರಗಟ್ಟಲೆ ಇರುತ್ತದೆ. ನೀರೆಲ್ಲ ಇಂಗಿ ಹುಳಿ, ಉಪ್ಪು, ಎಣ್ಣೆ ಉಳಿದಿರುವುದೇ ಅದಕ್ಕೆ ಕಾರಣ, ಉಪ್ಪಿನಕಾಯಿಯ ತತ್ತ್ವವೇ. ಹಸಿ ತೆಂಗಿನಕಾಯಿಯ ಬದಲು ಕೊಬ್ಬರಿ ಹಾಕುವುದೂ ಇದಕ್ಕಾಗಿಯೇ. ಮೇಲುಕೋಟೆಗೆ ಹೋದವರು ಬೆಟ್ಟದ ಬಿಸಿಲಿನಲ್ಲಿ ಮಧ್ಯಾಹ್ನ ತಿಂದರೂ ಪುಳಿಯೋಗರೆ ಚೆನ್ನಾಗಿಯೇ ಇರುವುದನ್ನು ನೋಡಿರುತ್ತಾರೆ.

ಹಬ್ಬದ ಬೆಳಿಗ್ಗೆ ಉಳಿದಿರುವ ಕೆಲಸ ಉದುರುದುರಾಗಿ ಅನ್ನ ಮಾಡುವುದು, ಅದನ್ನು ಅಗಲವಾದ ಹರಿವಾಣದಲ್ಲಿ ಹರವಿ ಎರಡು ಚಮಚ ಎಳ್ಳೆಣ್ಣೆ ಹಾಕಿ ಆರಿಸುವುದು, ಗೊಜ್ಜು ಕಲಸುವುದು, ಕಡಲೆಕಾಯಿ ಬೀಜ ಹುರಿದು ಹಾಕುವುದು. ಎಂಟಕ್ಕೆ ಕಲಸಿದ್ದು ಹನ್ನೆರಡಕ್ಕೆ ಇನ್ನೂ ರುಚಿಯಾಗಿರುತ್ತದೆ, ಅನ್ನಕ್ಕೆ ಹುಳಿ ಇಳಿಯಲು ಹೊತ್ತು ಬೇಕು. ಬಿಸಿ ಅನ್ನವನ್ನೇ ಕಲಸಿ ಮುಚ್ಚಳ ಮುಚ್ಚಿಟ್ಟರೆ ಮಾತ್ರ ಮುಚ್ಚಳದ ಉಗಿ ನೀರಾಗಿ ತೊಟ್ಟಿಕ್ಕಿ, ಎಂಥ ಗೊಜ್ಜಿದ್ದರೂ ಸಂಜೆಗೆ ಹಳಸುತ್ತದೆ.

ಕುಂದುಗಳೂ ಇವೆ. ಹುಳಿ ಎಂದರೆ ಎದೆಯುರಿ ಎನ್ನುವ ಹಿರಿಯರು ಎರಡು ತುತ್ತಿಗೆ ಕೈ ತೊಳೆಯುತ್ತಾರೆ, ಅವರಿಗೆ ಮೊಸರನ್ನವೇ ಗತಿ. ಜೊತೆಗೆ ಹಬ್ಬದ ಊಟದ ಗತ್ತು ಅದಕ್ಕಿಲ್ಲ ಎನ್ನುವ ದೂರು ಬೇರೆ. ಕಳೆದ ದಸರೆಯಲ್ಲಿ ಚಿಕ್ಕಮ್ಮ ಎಲೆ ನೋಡಿ, “ಹಬ್ಬದ ದಿನ ಪುಳಿಯೋಗರೆ ಒಂದೇ ಏನೇ? ದೇವಸ್ಥಾನಕ್ಕೆ ಬಂದ ಹಾಗಿದೆಯಲ್ಲೇ” ಎಂದರು. ಅತ್ತಿಗೆ ಸುಮ್ಮನೆ, “ಇನ್ನೊಂದು ಸ್ವಲ್ಪ ಹಾಕಲೇ ಚಿಕ್ಕಮ್ಮ?” ಎಂದು ಕೇಳಿದರು. ಚಿಕ್ಕಮ್ಮ ಬೇಡ ಎನ್ನಲಿಲ್ಲ.

ಅಂಗಡಿಯ ಗೊಜ್ಜು ಆಗುವುದಿಲ್ಲವೇ ಎಂದು ಕೇಳುವವರಿಗೆ: ಆಗುತ್ತದೆ. ಎಳ್ಳು, ಕೊಬ್ಬರಿಯನ್ನು ಹೊಸದಾಗಿ ಹುರಿದು ಪುಡಿ ಮಾಡಿ ಅದರ ಮೇಲೆ ಉದುರಿಸಿ, ಒಂದು ಚೂರು ಬೆಲ್ಲ ಸೇರಿಸಿದರೆ ಅರ್ಧ ದೂರ ಬಂದಂತೆ. ಬಿಸಿಬೇಳೆಬಾತಿನ ಅಂಗಡಿ ಪುಡಿಯ ಬಗ್ಗೆ ನನಗೆ ಅಷ್ಟು ಉದಾರ ಮನಸ್ಸಿಲ್ಲ. ಅಲ್ಲಿ ಚಕ್ಕೆಯ ಅಬ್ಬರ ಹೆಚ್ಚು.

ಇನ್ನು ವಾಂಗೀಬಾತ್. ನಾಲ್ಕು ಜನರಿಗಾದರೆ ನಾನು ಮೊದಲು ಆರಿಸುವುದು ಇದನ್ನೇ. ಮೈಸೂರು ಕಡೆಯ ಉದ್ದನೆಯ ಹಸಿರು ಬದನೆ ಎಣ್ಣೆಯಲ್ಲಿ ಬಾಡಿ, ಪುಡಿಯ ಘಮ ಏಳುವ ಹೊತ್ತಿಗೆ ಹಸಿವು ತಾನಾಗಿ ಬರುತ್ತದೆ. ಇಪ್ಪತ್ತು ಜನರಿಗೆ ಅದೇ ಬದನೆ ಶತ್ರು. ಒಂದೂವರೆ ಕಿಲೋ ಬದನೆಯನ್ನು ಹೆಚ್ಚಿದ ಕೂಡಲೇ ಉಪ್ಪುನೀರಿಗೆ ಹಾಕಬೇಕು, ಇಲ್ಲವಾದರೆ ಗಾಳಿ ತಗುಲಿ ಕಪ್ಪಾಗುತ್ತದೆ. ಹಿಂದಿನ ರಾತ್ರಿಯೇ ಹೆಚ್ಚಿಡೋಣ ಎನ್ನುವಂತಿಲ್ಲ. ದೊಡ್ಡ ಬಾಣಲೆಗೆ ಒಟ್ಟಿಗೆ ಸುರಿದರೆ ತಳದ ಹೋಳುಗಳು ಹುರಿಯುತ್ತವೆ, ಮೇಲಿನವು ತಮ್ಮದೇ ಉಗಿಯಲ್ಲಿ ಬೆಂದು ಮೆದುವಾಗುತ್ತವೆ, ಅನ್ನ ಕಲಸುವಾಗ ಸಿಪ್ಪೆ ಮಾತ್ರ ಉಳಿದಿರುತ್ತದೆ. ಮೂರು ಸಲ ಬೇರೆ ಬೇರೆಯಾಗಿ ಬಾಡಿಸಿಕೊಂಡರೆ ಚೆನ್ನಾಗಿ ಬರುತ್ತದೆ, ಆದರೆ ಹಬ್ಬದ ಬೆಳಿಗ್ಗೆ ಒಲೆಯ ಮುಂದೆ ಮೂರು ಸಲ ನಿಲ್ಲುವವರು ಯಾರು? ಇಷ್ಟೆಲ್ಲ ಮಾಡಿ ಬಡಿಸಿದ ಮೇಲೆ ಮಕ್ಕಳು ಬದನೆಯ ಹೋಳುಗಳನ್ನು ಒಂದೊಂದಾಗಿ ಆರಿಸಿ ಎಲೆಯ ಅಂಚಿಗೆ ಗುಡ್ಡೆ ಹಾಕುತ್ತಾರೆ. ದೊಣ್ಣೆ ಮೆಣಸಿನಕಾಯಿ ಹಾಕಿದರೂ ಅದೇ ಗುಡ್ಡೆ, ಬಣ್ಣ ಬೇರೆ. ಒಂದು ಮಾತು ಮಾತ್ರ ಅದರ ಪರವಾಗಿ ಹೇಳಬೇಕು: ಆರಿದ ಮೇಲೂ ವಾಂಗೀಬಾತ್ ಗಟ್ಟಿಯಾಗುವುದಿಲ್ಲ, ಎರಡು ಮೂರು ಗಂಟೆ ಕಾಯುತ್ತದೆ.

ನಿಂಬೆಹಣ್ಣಿನ ಚಿತ್ರಾನ್ನವನ್ನು ನಾನು ಸ್ಪರ್ಧೆಗೆ ಇಳಿಸಿರಲಿಲ್ಲ. ಆದರೆ ಹೇಳದೆ ಬಂದ ಆರು ಜನ ಬಾಗಿಲಲ್ಲಿ ನಿಂತಾಗ ಕಾಪಾಡುವುದು ಅದೇ. ಅನ್ನ ಒಲೆಯಲ್ಲಿರುವಾಗಲೇ ಒಗ್ಗರಣೆ ಮುಗಿಯುತ್ತದೆ. ಉರಿ ಆರಿಸಿದ ಮೇಲೆ ನಿಂಬೆ ಹಿಂಡಬೇಕು, ಕುದಿಯುವ ಒಗ್ಗರಣೆಗೆ ಹಿಂಡಿದರೆ ಕಹಿ ಬರುತ್ತದೆ. ಹಸಿ ಕಾಯಿತುರಿ ಹಾಕಿದ್ದರೆ ಸಂಜೆಗೆ ಉಳಿಸುವ ಯೋಚನೆ ಬೇಡ.

ಕೋಸಂಬರಿಗೆ ಹೆಸರುಬೇಳೆಯನ್ನು ಒಂದು ಗಂಟೆ ನೆನೆಸಿದರೆ ಸಾಕು. ಉಪ್ಪನ್ನು ಬಡಿಸುವ ಹೊತ್ತಿಗೇ ಹಾಕಿ, ಇಲ್ಲದಿದ್ದರೆ ಸೌತೆಕಾಯಿ ನೀರು ಬಿಡುತ್ತದೆ. ಸಿಹಿಯನ್ನು ಬರುವವರಲ್ಲಿ ಯಾರಿಗಾದರೂ ವಹಿಸಿ, ಎಲ್ಲರೂ ಒಂದೊಂದು ಕಿಲೋ ಮೈಸೂರುಪಾಕು ತರುವ ಬದಲು.

ಹೀಗಾಗಿ ನಮ್ಮ ಮನೆಯಲ್ಲಿ ಈಗ ದಸರೆಗೆ ಪುಳಿಯೋಗರೆ ಖಾಯಂ ಆಗಿದೆ. ನರಕ ಚತುರ್ದಶಿಯ ಬೆಳಿಗ್ಗೆಗೂ ಅದೇ, ಏಕೆಂದರೆ ಎಣ್ಣೆಸ್ನಾನದ ಸರದಿ ಮುಗಿಸಿ ಒಬ್ಬೊಬ್ಬರಾಗಿ ಬರುವವರಿಗೆ ಬಿಸಿನೀರೊಂದು ಸಾಕು, ಬಿಸಿ ಬಾತನ್ನೂ ಕಾಯ್ದಿಡುವುದು ನಮ್ಮಿಂದಾಗದು. ವಾಂಗೀಬಾತ್ ಮನೆಮಂದಿಯಷ್ಟೇ ಇರುವ ಭಾನುವಾರಗಳಿಗೆ ಹೋಯಿತು. ಬಿಸಿಬೇಳೆಬಾತನ್ನು ಬಲಿಪಾಡ್ಯಮಿಯ ರಾತ್ರಿಗೆ ಇಟ್ಟುಕೊಂಡಿದ್ದೇವೆ. ಪಟಾಕಿ ಮುಗಿಸಿ ಎಲ್ಲರೂ ಒಟ್ಟಿಗೆ ಹಸಿದು ಒಳಗೆ ಬರುವುದು ಆಗ ಮಾತ್ರ. ಅತ್ತಿಗೆ ಹಾಕಿದ ಷರತ್ತೊಂದಿದೆ: ಬಿಸಿಬೇಳೆಬಾತೇ ಬೇಕು ಎಂದವರು ಕೊನೆಯ ಅರ್ಧ ಗಂಟೆ ಸೌಟು ಹಿಡಿಯಬೇಕು. ಅಣ್ಣ ಒಪ್ಪಿಕೊಂಡಿದ್ದಾನೆ, ಉದ್ದ ತೋಳಿನ ಅಂಗಿ ಎಲ್ಲಿದೆ ಎಂದು ಈಗಲೇ ಕೇಳುತ್ತಿದ್ದಾನೆ.