"ನಿಮ್ಮ ಹಾಡು ನಾವು ರಿಲೀಸ್ ಮಾಡಿಕೊಡ್ತೀವಿ" ಅಂದವರಿಗೆ ಸಹಿ ಹಾಕುವ ಮೊದಲು ಇದನ್ನು ಓದಿ

ಕಾಲೇಜಿನಲ್ಲಿ ಆಲ್ಬಂ ಸಾಂಗ್ (ಸಿನಿಮಾಕ್ಕಲ್ಲದೆ ನಾವೇ ಮಾಡುವ ವಿಡಿಯೋ ಹಾಡು) ಮಾಡುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಶೂಟಿಂಗ್ ಮುಗಿದು, ಎಡಿಟ್ ಮುಗಿದು, ಇನ್ನೇನು ಅಪ್‌ಲೋಡ್ ಮಾಡಬೇಕು ಅನ್ನುವಷ್ಟರಲ್ಲಿ ಯಾವುದೋ ಆಡಿಯೋ ಕಂಪನಿಯಿಂದ ನಿಮಗೆ ಫೋನ್ ಬರಬಹುದು. "ನಮ್ಮ ಚಾನೆಲ್‌ನಲ್ಲಿ ಹಾಕ್ತೀವಿ, ನಮಗೆ ಲಕ್ಷಗಟ್ಟಲೆ ಸಬ್‌ಸ್ಕ್ರೈಬರ್ಸ್ ಇದ್ದಾರೆ, ನಿಮ್ಮ ಹೊಸ ಚಾನೆಲ್‌ನಲ್ಲಿ ಹಾಕಿದ್ರೆ ಯಾರು ನೋಡ್ತಾರೆ?" ಅನ್ನುತ್ತಾರೆ. ನಮಗೂ ಹಾಗೇ ಬಂತು. ಇವತ್ತು ನಮ್ಮ ಹಾಡು ನಮ್ಮ ಕೈಯಲ್ಲಿಲ್ಲ. ಅದರಲ್ಲಿ ನಟಿಸಿದ ಹುಡುಗಿ ಎಷ್ಟೋ ದಿನ ಕ್ಲಾಸಿಗೆ ಬರಲು ಹೆದರಿದಳು.

ನಾವು ಮೈಸೂರಿನ ಒಂದು ಕಾಲೇಜಿನ ಕೊನೆ ವರ್ಷದವರು. ಹಾಡು ನಿಧಾನವಾದ ಪ್ರೇಮಗೀತೆ. ಊರಿಗೆ ಹೋಗುವ ಕೊನೆ ಬಸ್ಸು ಬರುವವರೆಗೆ ಒಟ್ಟಿಗೆ ಕೂತಿರುವ ಇಬ್ಬರ ಮಾತು ಅದು. ಸಾಹಿತ್ಯ ನಮ್ಮ ಕ್ಲಾಸಿನ ಹುಡುಗಿಯದು. ರಾಗ ಹಾಕಿ ಹಾಡಿದವನು ಹಾಸ್ಟೆಲ್‌ನ ಗೆಳೆಯ. ಕೊಳಲು ನುಡಿಸಿದವನು ಇನ್ನೂ ಪಿಯುಸಿ ಓದುತ್ತಿದ್ದ. ನಾನು ನಿರ್ದೇಶನ ಮತ್ತು ಎಡಿಟಿಂಗ್ ನೋಡಿಕೊಂಡೆ. ಮದುವೆ ಫೋಟೋ ತೆಗೆಯುವ ಅಣ್ಣ ಒಬ್ಬರು ಸೀಸನ್ ಇಲ್ಲದ ದಿನ ಕ್ಯಾಮೆರಾ ಕೊಟ್ಟರು, ಬಾಡಿಗೆ ಕೇಳಲಿಲ್ಲ. ಬೆಳಕು ಮೃದುವಾಗಲಿ ಅಂತ ಬಿಳಿ ಪಂಚೆಯನ್ನು ಎರಡು ಕೋಲಿಗೆ ಕಟ್ಟಿ ಹಿಡಿದೆವು.

ಮೇಲುಕೋಟೆಯಲ್ಲಿ ಬೆಳಗಿನ ಜಾವ ಶೂಟ್ ಮಾಡಿದೆವು, ಜನ ಬರುವ ಮುಂಚೆ. ಸ್ಲೋ ಮೋಷನ್‌ನಲ್ಲಿ ತುಟಿ ಚಲನೆ ಹಾಡಿಗೆ ಕೂಡಬೇಕಾದರೆ ಸೆಕೆಂಡಿಗೆ 50 ಫ್ರೇಮ್‌ನಲ್ಲಿ ಚಿತ್ರಿಸಿ, ಹಾಡನ್ನು ಎರಡು ಪಟ್ಟು ವೇಗದಲ್ಲಿ ಸ್ಪೀಕರ್‌ನಲ್ಲಿ ಬಿಡಬೇಕು. ಆಮೇಲೆ 25 ಫ್ರೇಮ್‌ಗೆ ಇಳಿಸಿದರೆ ಸರಿಹೋಗುತ್ತದೆ. ಅಷ್ಟು ವೇಗದ ಹಾಡಿಗೆ ತುಟಿ ಆಡಿಸುತ್ತಲೇ ಕಣ್ಣಲ್ಲಿ ದುಃಖ ತರುವುದು ಸುಮ್ನೆ ಆಗುವ ಕೆಲಸವಲ್ಲ. ನಮ್ಮ ಹೀರೋಯಿನ್ ಅದನ್ನು ಮಾಡಿ ತೋರಿಸಿದಳು. ಅದಕ್ಕೂ ಮೊದಲು ಅವಳು ಕ್ಯಾಮೆರಾ ಮುಂದೆ ನಿಂತವಳೇ ಅಲ್ಲ. ಮನೆಯಲ್ಲಿ ಒಪ್ಪಿಸಲು ನಾವೆಲ್ಲ ಅವಳ ಅಮ್ಮನ ಹತ್ತಿರ ಹೋಗಿ, "ಆಂಟಿ, ಕಾಲೇಜ್ ಪ್ರಾಜೆಕ್ಟ್, ಮರ್ಯಾದೆಯಾಗಿ ಮಾಡ್ತೀವಿ" ಅಂತ ಮಾತು ಕೊಟ್ಟಿದ್ದೆವು.

ಚಿಕ್ಕ ಟೀಸರ್ ಒಂದನ್ನು ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಿದ್ದೆವು. ಅದನ್ನು ನೋಡಿ ಆ ಕಂಪನಿಯವರು ಫೋನ್ ಮಾಡಿದರು. ಬೆಂಗಳೂರಿಗೆ ಕರೆಸಿಕೊಂಡರು. ತುಂಬಾ ಚೆನ್ನಾಗಿ ಮಾತಾಡಿಸಿದರು. "ತಮ್ಮಾ, ನಿನ್ನ ಕಂಠಕ್ಕೆ ಸಿನಿಮಾದಲ್ಲಿ ಜಾಗ ಇದೆ" ಅಂದರು ಗೆಳೆಯನಿಗೆ. ಪ್ರಮೋಷನ್ ಖರ್ಚು ಅಂತ 15,000 ರೂಪಾಯಿ ಕೇಳಿದರು. ಹಾಡೂ ಅವರಿಗೆ, ದುಡ್ಡೂ ಅವರಿಗೆ! ಆಮೇಲೆ ಇಂಗ್ಲಿಷಿನಲ್ಲಿದ್ದ ಒಂದು ಅಗ್ರಿಮೆಂಟ್ ಮುಂದಿಟ್ಟರು. ಶಾಶ್ವತ, ಎಲ್ಲ ಹಕ್ಕು, ಇಡೀ ಜಗತ್ತು ಅಂತೆಲ್ಲ ಅದರಲ್ಲಿತ್ತು. ಇದೆಲ್ಲ ಏನು ಅಂತ ಗೆಳೆಯ ಕೇಳಿದ. "ಅದು ಫಾರ್ಮಾಲಿಟಿ, ಎಲ್ಲ ಆರ್ಟಿಸ್ಟ್‌ಗಳಿಗೂ ಇದೇ ಪೇಪರ್. ಹಾಡು ಯಾವತ್ತಿದ್ರೂ ನಿಂದೇ" ಅಂದರು. ಮನೆಗೆ ತೆಗೆದುಕೊಂಡು ಹೋಗಿ ಓದಿ ಕೊಡ್ತೀವಿ ಅಂದಾಗ, ಶುಕ್ರವಾರದ ಸ್ಲಾಟ್ ಬೇರೆಯವರಿಗೆ ಹೋಗುತ್ತದೆ ಅಂದರು. ಗೆಳೆಯ ಅಲ್ಲೇ ಸಹಿ ಹಾಕಿದ, ದುಡ್ಡೂ ಕೊಟ್ಟೆವು. ಬಾಯಲ್ಲಿ ಹೇಳಿದ್ದು ಒಂದು, ಕಾಗದದಲ್ಲಿದ್ದದ್ದು ಇನ್ನೊಂದು. ಗೊತ್ತಿದ್ದೇ ಹಾಗೆ ಹೇಳಿದ್ದಾರೆ. ಹತ್ತೊಂಬತ್ತು, ಇಪ್ಪತ್ತರ ಹುಡುಗರ ಹತ್ತಿರ ಹೀಗೆ ನಡೆದುಕೊಳ್ಳುವುದು ಮೋಸ ಅಂತಲೇ ನಾನು ಹೇಳುತ್ತೇನೆ.

ಹಾಡು ಬಂತು. ಥಂಬ್‌ನೇಲ್ (ವಿಡಿಯೋ ತೆರೆಯುವ ಮೊದಲು ಕಾಣುವ ಚಿತ್ರ) ನೋಡಿ ನಮ್ಮ ಕೈಕಾಲು ತಣ್ಣಗಾಯಿತು. ಮಳೆಯಲ್ಲಿ ನೆನೆದು ಮಂಟಪಕ್ಕೆ ಓಡುವ ಒಂದು ಶಾಟ್ ಇತ್ತು. ಅದರಲ್ಲಿ ಒಂದೇ ಒಂದು ಫ್ರೇಮ್ ತೆಗೆದು, ಹುಡುಗಿಯನ್ನು ಮಾತ್ರ ಕತ್ತರಿಸಿ ದೊಡ್ಡದು ಮಾಡಿ, ಪಕ್ಕದಲ್ಲಿ ಹಾಡಿಗೆ ಸಂಬಂಧವೇ ಇಲ್ಲದ ಕೊಳಕು ಸಾಲು ಬರೆದಿದ್ದರು. ಹಾಡಿನ ಹೆಸರೂ ಬದಲಾಗಿತ್ತು. ಅದು ಅವಳ ಚಿಕ್ಕಪ್ಪನ ವಾಟ್ಸಾಪ್ ಗ್ರೂಪಿಗೆ ಹೋಯಿತು. ಮನೆಯಲ್ಲಿ ಏನಾಗಿರಬಹುದು ಅಂತ ನೀವೇ ಊಹಿಸಿ. ಕಾಮೆಂಟ್‌ಗಳನ್ನು ಇಲ್ಲಿ ಬರೆಯಲು ನನಗೆ ಮನಸ್ಸಿಲ್ಲ. ನಾವು ಫೋನ್ ಮಾಡಿದರೆ, "ವ್ಯೂಸ್ ಬರ್ತಿದೆ ಅಲ್ವಾ, ಸುಮ್ನಿರಿ" ಅಂದರು. ಆಮೇಲೆ ಫೋನ್ ಎತ್ತಲಿಲ್ಲ.

ಅವಳಿಗೆ ಬೇಕಿದ್ದದ್ದು ಆ ಚಿತ್ರ ಹೋಗುವುದು, ಅಷ್ಟೇ. ನಿಮಗೆ ಇಂಥದ್ದಾದರೆ ಮೊದಲು ಸ್ಕ್ರೀನ್‌ಶಾಟ್ ತೆಗೆದು, ಲಿಂಕ್ ಮತ್ತು ತಾರೀಖು ಬರೆದಿಟ್ಟುಕೊಳ್ಳಿ. ಯೂಟ್ಯೂಬ್‌ನಲ್ಲಿ ಪ್ರೈವಸಿ ದೂರು ಕೊಡುವ ದಾರಿ ಇದೆ, ಸಾಮಾನ್ಯವಾಗಿ ಅದನ್ನು ಚಿತ್ರದಲ್ಲಿರುವವರೇ ಕೊಡಬೇಕು. ಅಶ್ಲೀಲವಾಗಿದ್ದರೆ ಕೇಂದ್ರ ಸರ್ಕಾರದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲೂ ದೂರು ಹಾಕಬಹುದು. ನಟಿಸುವವರ ಹತ್ತಿರ ಒಂದು ಒಪ್ಪಿಗೆ ಪತ್ರ ಮಾಡಿಕೊಳ್ಳಿ. ಚಿತ್ರವನ್ನು ಯಾವುದಕ್ಕೆ ಬಳಸಬಹುದು, ಥಂಬ್‌ನೇಲ್ ಯಾವುದು ಅಂತ ಅದರಲ್ಲಿ ಬರೆದಿರಲಿ. ಹಾಡು ಬೇರೆಯವರ ಕೈಗೆ ಹೋಗುವಾಗ ಆ ಷರತ್ತೂ ಜೊತೆಗೇ ಹೋಗಬೇಕು.

ಅಷ್ಟಕ್ಕೇ ಮುಗಿಯಲಿಲ್ಲ. ನಮ್ಮ ಚಾನೆಲ್‌ನಲ್ಲಿ ಮೇಕಿಂಗ್ ವಿಡಿಯೋ ಹಾಕಿದೆವು. ಅದಕ್ಕೆ ಕಾಪಿರೈಟ್ ಕ್ಲೇಮ್ ಬಂತು, ಅಂದರೆ ಇದರಲ್ಲಿರುವ ಹಾಡಿನ ಹಕ್ಕು ನಮ್ಮದು ಅನ್ನುವ ಕಂಪನಿಯ ತಕರಾರು. ಗೆಳೆಯ ಗಿಟಾರ್ ಹಿಡಿದು ತನ್ನದೇ ಹಾಡನ್ನು ಹಾಡಿದ ವಿಡಿಯೋಗೂ ಬಂತು. ಕಂಪನಿ ಹಾಡನ್ನು ಕಂಟೆಂಟ್ ಐಡಿ ಅನ್ನುವ ಯೂಟ್ಯೂಬ್‌ನ ವ್ಯವಸ್ಥೆಯಲ್ಲಿ ಸೇರಿಸಿತ್ತು. ಯಾರು ಅಪ್‌ಲೋಡ್ ಮಾಡಿದರೂ ಯೂಟ್ಯೂಬ್ ತಾನಾಗಿ ಹೋಲಿಸಿ ನೋಡುತ್ತದೆ. ರಾಗ ಹೋಲಿದರೂ ಹಿಡಿಯುತ್ತದೆ. ಆ ವಿಡಿಯೋದ ಜಾಹೀರಾತಿನ ದುಡ್ಡು ಕ್ಲೇಮ್ ಮಾಡಿದವರಿಗೆ ಹೋಗಬಹುದು.

ಇಲ್ಲಿ ತುಂಬಾ ಜನ ಗಾಬರಿಯಾಗುತ್ತಾರೆ. ಕ್ಲೇಮ್ ಬೇರೆ, ಚಾನೆಲ್ ಮೇಲೆ ಬೀಳುವ ಎಚ್ಚರಿಕೆಯಾದ ಸ್ಟ್ರೈಕ್ ಬೇರೆ. ಕ್ಲೇಮ್‌ನಿಂದ ಚಾನೆಲ್ ಹೋಗುವುದಿಲ್ಲ. ಅದನ್ನು ಪ್ರಶ್ನಿಸಿದರೆ ಅವರಿಗೆ ಉತ್ತರ ಕೊಡಲು 30 ದಿನ ಇರುತ್ತದೆ. ಆದರೆ ಅವರು ವಿಡಿಯೋ ತೆಗೆಸಲು ಕಾಪಿರೈಟ್ ನೋಟಿಸ್ ಕೊಟ್ಟರೆ ಸ್ಟ್ರೈಕ್ ಬೀಳುತ್ತದೆ, 90 ದಿನದೊಳಗೆ ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ ಹೋಗಬಹುದು. ಹಾಗಾಗಿ ಪ್ರಶ್ನಿಸುವ ಮೊದಲು ನಿಮ್ಮ ಹತ್ತಿರ ಯಾವ ಹಕ್ಕು ಉಳಿದಿದೆ ಅಂತ ಗೊತ್ತಿರಬೇಕು.

ಅದನ್ನು ನಮಗೆ ಬಿಡಿಸಿ ಹೇಳಿದವರು ಒಬ್ಬ ವಕೀಲರು. 1957ರ ಕಾಪಿರೈಟ್ ಕಾಯ್ದೆಯ ಕಣ್ಣಿಗೆ ಒಂದು ಆಲ್ಬಂ ಸಾಂಗ್ ಅಂದರೆ ಒಂದೇ ವಸ್ತುವಲ್ಲ. ಸಾಹಿತ್ಯ ಒಂದು ಕೃತಿ, ರಾಗ ಸಂಯೋಜನೆ ಇನ್ನೊಂದು, ರೆಕಾರ್ಡಿಂಗ್ ಮತ್ತೊಂದು, ವಿಡಿಯೋ ನಾಲ್ಕನೆಯದು. ಬರೆದವರು ಸಾಹಿತ್ಯಕ್ಕೆ ಮಾಲೀಕರು, ರಾಗ ಕಟ್ಟಿದವರು ರಾಗಕ್ಕೆ. ರೆಕಾರ್ಡಿಂಗ್ ಮತ್ತು ವಿಡಿಯೋ ಸಾಮಾನ್ಯವಾಗಿ ಅವನ್ನು ಮುಂದೆ ನಿಂತು, ಜವಾಬ್ದಾರಿ ಹೊತ್ತು ಮಾಡಿಸಿದವರದು. ಹಕ್ಕು ಬರಲು ರಿಜಿಸ್ಟ್ರೇಷನ್ ಕಡ್ಡಾಯವಲ್ಲ, ಬರೆದ ದಿನದಿಂದಲೇ ಇರುತ್ತದೆ. ನಮ್ಮ ಕಾಗದದಲ್ಲಿ ಸಹಿ ಇದ್ದದ್ದು ಗೆಳೆಯನದು ಮಾತ್ರ. ಸಾಹಿತ್ಯ ಬರೆದ ಹುಡುಗಿ ಯಾವ ಕಾಗದಕ್ಕೂ ಸಹಿ ಹಾಕಿರಲಿಲ್ಲ. ಅವಳ ಹೆಸರನ್ನು ಕೂಡ ಅವರು ಹಾಕಿರಲಿಲ್ಲ. ನಮಗೆ ಸಿಕ್ಕ ಹಿಡಿ ಅದೇ.

ಹಕ್ಕು ವರ್ಗಾಯಿಸುವ ಕಾಗದದಲ್ಲಿ ಏನಿರಬೇಕು ಅಂತ 19ನೇ ಸೆಕ್ಷನ್ ಹೇಳುತ್ತದೆ. ಲಿಖಿತವಾಗಿರಬೇಕು, ಸಹಿ ಇರಬೇಕು, ಯಾವ ಕೃತಿ, ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶ, ಎಷ್ಟು ಹಣ ಅನ್ನುವುದಿರಬೇಕು. ಅವಧಿ ಬರೆದಿಲ್ಲವಾದರೆ ಐದು ವರ್ಷ ಅಂತ ಲೆಕ್ಕ. ಪ್ರದೇಶ ಬರೆದಿಲ್ಲವಾದರೆ ಭಾರತಕ್ಕೆ ಮಾತ್ರ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಕಾಗದದಲ್ಲಿ ಬೇರೆ ಮಾತು ಇಲ್ಲದಿದ್ದರೆ, ಹಕ್ಕು ಬಿದ್ದುಹೋಗುತ್ತದೆ. 18 ವರ್ಷ ತುಂಬದವರು ಮಾಡಿದ ಒಪ್ಪಂದ ಕಾನೂನಿನಲ್ಲಿ ನಿಲ್ಲುವುದೇ ಇಲ್ಲ, ಹಾಗಾಗಿ ಪಿಯುಸಿ ಹುಡುಗರ ಸಹಿ ಕೇಳಿದರೆ ಅಲ್ಲೇ ಎದ್ದು ಬನ್ನಿ.

ಇನ್ನೊಂದು ವಿಷಯ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. 2012ರಲ್ಲಿ ಕಾಯ್ದೆಗೆ ತಿದ್ದುಪಡಿ ಆಯಿತು. ರಾಜ್ಯಸಭೆಯಲ್ಲಿ ಹಿಂದಿ ಚಿತ್ರಗೀತೆಗಳ ಕವಿ ಜಾವೇದ್ ಅಖ್ತರ್ ಗೀತರಚನೆಕಾರರ ಪರವಾಗಿ ಗಟ್ಟಿಯಾಗಿ ಮಾತಾಡಿದ್ದು ಆಗಲೇ. ಅದರ ಪ್ರಕಾರ ಸಾಹಿತ್ಯ ಬರೆದವರು ಮತ್ತು ರಾಗ ಹಾಕಿದವರು ತಮ್ಮ ರಾಯಲ್ಟಿ ಪಾಲನ್ನು, ಅಂದರೆ ಹಾಡಿನ ಬಳಕೆಯಿಂದ ಬರುವ ದುಡ್ಡಿನ ಪಾಲನ್ನು, ಕಂಪನಿಗೆ ಬಿಟ್ಟುಕೊಡುವಂತೆಯೇ ಇಲ್ಲ. ತಮ್ಮ ವಾರಸುದಾರರಿಗೆ ಅಥವಾ ರಾಯಲ್ಟಿ ವಸೂಲಿ ಮಾಡುವ ಸೊಸೈಟಿಗೆ ಮಾತ್ರ ಕೊಡಬಹುದು. ಬಿಟ್ಟುಕೊಟ್ಟಿದ್ದೇವೆ ಅಂತ ಕಾಗದದಲ್ಲಿ ಬರೆಸಿಕೊಂಡರೂ ಆ ಸಾಲು ಅನೂರ್ಜಿತ. ಅಂಥ ಸೊಸೈಟಿ ಐಪಿಆರ್‌ಎಸ್, ಮುಂಬೈಯಲ್ಲಿದೆ. ಹಾಡು ಬರೆಯುವವರು, ರಾಗ ಹಾಕುವವರು ಅದರ ಸದಸ್ಯರಾಗಬಹುದು. 57ನೇ ಸೆಕ್ಷನ್ ಇನ್ನೂ ಮುಖ್ಯ: ಎಲ್ಲ ಹಕ್ಕು ಮಾರಿದ ಮೇಲೂ "ಇದು ನಾನು ಮಾಡಿದ್ದು" ಅಂತ ಹೇಳಿಕೊಳ್ಳುವ ಹಕ್ಕು ನಿಮ್ಮದೇ. ಹೆಸರು ಕೆಡುವಂತೆ ಕೃತಿಯನ್ನು ತಿರುಚಿದರೆ ಕೇಳಬಹುದು.

ಸಾಹಿತ್ಯದ ಹುಡುಗಿಯ ಹೆಸರಲ್ಲಿ ಕಂಪನಿಗೆ ವಕೀಲರ ನೋಟಿಸ್ ಹೋಯಿತು. ತಡವಾದರೂ ಕೆಲಸ ಮಾಡಿತು. ಥಂಬ್‌ನೇಲ್ ಬದಲಾಯಿಸಿದರು, ಅವಳ ಹೆಸರು ಹಾಕಿದರು, ನಮ್ಮ ಮೇಕಿಂಗ್ ವಿಡಿಯೋ ಮೇಲಿನ ಕ್ಲೇಮ್ ಬಿಟ್ಟರು. ಹಾಡು ಇನ್ನೂ ಅವರ ಚಾನೆಲ್‌ನಲ್ಲೇ ಇದೆ. 15,000 ವಾಪಸ್ ಬಂದಿಲ್ಲ. ರಾಗದ ವಿಷಯ ಇನ್ನೂ ಮಾತುಕತೆಯಲ್ಲಿದೆ. ಹೀರೋಯಿನ್ ಈಗ ಕ್ಲಾಸಿಗೆ ಬರುತ್ತಾಳೆ, ಆದರೆ ನಟಿಸುವ ಮಾತೆತ್ತಿದರೆ ಬೇಡ ಅನ್ನುತ್ತಾಳೆ. ನನಗೆ ಎಲ್ಲಕ್ಕಿಂತ ಜಾಸ್ತಿ ನೋವಾಗುವುದು ಇದಕ್ಕೇ. ಅಷ್ಟು ಚೆನ್ನಾಗಿ ನಟಿಸುವ ಹುಡುಗಿ ಅವಳು.

ದೊಡ್ಡ ಚಾನೆಲ್‌ನಲ್ಲಿ ಹಾಡು ಬರಲಿ ಅನ್ನುವ ಆಸೆ ತಪ್ಪಲ್ಲ. ಹಾಗೆ ಕೊಡುವುದಾದರೆ ಲೈಸೆನ್ಸ್ ಕೊಡಿ, ಅಂದರೆ ಬಳಸಲು ಅನುಮತಿ ಮಾತ್ರ, ಮಾಲೀಕತ್ವ ಕೊಡಬೇಡಿ. ಒಂದು ವರ್ಷ ಅಥವಾ ಎರಡು ವರ್ಷ, ಈ ಚಾನೆಲ್‌ನಲ್ಲಿ ಮಾತ್ರ, ಕಂಟೆಂಟ್ ಐಡಿಯಲ್ಲಿ ಸೇರಿಸಿದರೆ ನಮ್ಮ ಚಾನೆಲ್‌ಗೆ ವಿನಾಯಿತಿ, ಹೆಸರು ಮತ್ತು ಥಂಬ್‌ನೇಲ್ ನಮ್ಮನ್ನು ಕೇಳದೆ ಬದಲಾಯಿಸುವಂತಿಲ್ಲ ಅಂತ ಬರೆಸಿ. ಇದಕ್ಕೆ ಒಪ್ಪದವರು ನಿಮ್ಮ ಹಾಡಿಗೆ ಒಳ್ಳೆಯದು ಬಯಸುವವರಲ್ಲ ಅಂತ ನನ್ನ ನಂಬಿಕೆ. ನಿಮ್ಮ ಗುಂಪಿನೊಳಗೂ ಒಂದು ಕಾಗದ ಮಾಡಿಕೊಳ್ಳಿ, ಕನ್ನಡದಲ್ಲೇ, ಯಾರು ಏನು ಮಾಡಿದರು ಅಂತ. ರಾಗ ಹುಟ್ಟಿದಾಗ ಕಳಿಸಿದ ವಾಯ್ಸ್ ನೋಟ್, ಪ್ರಾಜೆಕ್ಟ್ ಫೈಲ್, ಸಾಹಿತ್ಯದ ಮೊದಲ ಕರಡು ಅಳಿಸಬೇಡಿ. ನಮಗೆ ಆಸರೆಯಾಗಿದ್ದು ಅವೇ.

ಭಾವಗೀತೆಗೆ ವಿಡಿಯೋ ಮಾಡುವ ಯೋಚನೆ ಇರುವವರಿಗೂ ಒಂದು ಮಾತು. ಕವಿ ತೀರಿಕೊಂಡ ನಂತರ 60 ವರ್ಷ ಹಕ್ಕು ಅವರ ವಾರಸುದಾರರದ್ದೋ, ಅವರಿಂದ ಹಕ್ಕು ಪಡೆದವರದ್ದೋ ಆಗಿರುತ್ತದೆ. ಬೇಂದ್ರೆಯವರು ತೀರಿಕೊಂಡಿದ್ದು 1981ರಲ್ಲಿ, ಕೆ.ಎಸ್. ನರಸಿಂಹಸ್ವಾಮಿಯವರು 2003ರಲ್ಲಿ. ಅಂದರೆ 2041 ಮತ್ತು 2063 ಮುಗಿಯುವವರೆಗೆ ಅನುಮತಿ ಬೇಕು. ಕ್ಯಾಸೆಟ್‌ನಲ್ಲಿರುವ ರಾಗಕ್ಕೆ ಸಂಯೋಜಕರ ಹಕ್ಕು ಬೇರೆ ಇದೆ.

ಈಗಾಗಲೇ ಇಂಥ ಕಾಗದಕ್ಕೆ ಸಹಿ ಹಾಕಿದ್ದರೆ ಮನೆಯವರಿಂದ ಮುಚ್ಚಿಡಬೇಡಿ, ಅದರ ಒಂದು ಪ್ರತಿ ಕೇಳಿ ಪಡೆಯಿರಿ. ವಕೀಲರ ಫೀಸಿಗೆ ಹೆದರಿ ಸುಮ್ಮನಾಗಬೇಡಿ. ಪ್ರತಿ ಜಿಲ್ಲೆಯಲ್ಲೂ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಸಾಹಿತ್ಯ ಬರೆದ ನಮ್ಮ ಹುಡುಗಿಗೆ ವಕೀಲರು ಸಿಕ್ಕಿದ್ದು ಹಾಗೆಯೇ. ಸಹಾಯವಾಣಿ ಸಂಖ್ಯೆ 15100.