ಮಿಂಕೊವ್ಸ್ಕಿ ಚಿತ್ರವೋ, ಲೋಡೆಲ್ ಚಿತ್ರವೋ?

ಮಾಟುಂಗಾದಲ್ಲಿ ನಮ್ಮ ಪಕ್ಕದ ಮನೆಯ ಬಿಎಸ್‌ಸಿ ಹುಡುಗಿ ಗ್ರಾಫ್ ಪುಸ್ತಕ ಹಿಡಿದು ಬಂದಳು. "ಅಂಕಲ್, ಸಾಪೇಕ್ಷತೆಗೆ ಯಾವ ಚಿತ್ರ ಕಲಿಯಲಿ?"

ಎರಡೂ ಕಾಲ ಮತ್ತು ಜಾಗವನ್ನು ಒಂದೇ ಗ್ರಾಫ್‌ನಲ್ಲಿ ತೋರಿಸುವ ಚಿತ್ರಗಳು. ಗಣಿತಜ್ಞ ಮಿಂಕೊವ್ಸ್ಕಿ 1908ರಲ್ಲಿ ಕೊಟ್ಟ ಚಿತ್ರದಲ್ಲಿ ಪ್ಲಾಟ್‌ಫಾರಂನಲ್ಲಿ ನಿಂತವರ ಕಾಲದ ಅಕ್ಷ, ಜಾಗದ ಅಕ್ಷ ನೆಟ್ಟಗಿರುತ್ತವೆ. ಓಡುವ ಲೋಕಲ್ ರೈಲಿನವರ ಎರಡೂ ಅಕ್ಷಗಳು ಕತ್ತರಿ ಮುಚ್ಚಿದ ಹಾಗೆ, ಬೆಳಕಿನ ದಾರಿ ತೋರಿಸುವ 45 ಡಿಗ್ರಿ ಗೆರೆಯ ಕಡೆಗೆ ವಾಲುತ್ತವೆ. ತೊಡಕು ಇರುವುದು ಅಳತೆಯಲ್ಲಿ. ಲೋಕಲ್ ಬೆಳಕಿನ 0.6 ಪಟ್ಟು ವೇಗದಲ್ಲಿ ಓಡುತ್ತಿದೆ ಅಂದುಕೊಳ್ಳಿ. ನೆಟ್ಟಗಿನ ಅಕ್ಷದಲ್ಲಿ ಒಂದು ಸೆಕೆಂಡಿಗೆ 1 ಸೆಂ.ಮೀ. ಇಟ್ಟರೆ, ವಾಲಿದ ಅಕ್ಷದಲ್ಲಿ ಅದೇ ಸೆಕೆಂಡಿಗೆ ಸುಮಾರು 1.46 ಸೆಂ.ಮೀ. ಬೇಕು. ಸುಮ್ನೆ ಸ್ಕೇಲ್ ಇಟ್ಟು ಅಳೆದರೆ ಉತ್ತರ ತಪ್ಪುತ್ತದೆ. ಹೈಪರ್ಬೋಲಾ ಎಂಬ ಬಾಗಿದ ಗೆರೆ ಎಳೆದೇ ಗುರುತು ಹಾಕಬೇಕು.

ಭೌತವಿಜ್ಞಾನಿ ಲೋಡೆಲ್ ಅವರ ಚಿತ್ರದಲ್ಲಿ ಈ ಕಷ್ಟ ಇಲ್ಲ. ಇಬ್ಬರ ಅಕ್ಷಗಳೂ ಸಮವಾಗಿ ವಾಲುತ್ತವೆ, ಹಾಗಾಗಿ ಇಬ್ಬರಿಗೂ ಒಂದೇ ಅಳತೆ. ಕಾಲದ ಎರಡು ಅಕ್ಷಗಳ ನಡುವೆ ಸುಮಾರು 37 ಡಿಗ್ರಿ ಬಿಡಿ. ಅದರ ಸೈನ್ 0.6, ಅಂದರೆ ಲೋಕಲ್‌ನ ವೇಗವೇ. ಲೋಕಲ್‌ನ ಕಾಲದ ಅಕ್ಷದಲ್ಲಿ 4 ಸೆಂ.ಮೀ. ಗುರುತಿಸಿ, ಅಲ್ಲಿಂದ ಅದಕ್ಕೆ ಲಂಬವಾಗಿ ಗೆರೆ ಎಳೆಯಿರಿ. ಅದು ಪ್ಲಾಟ್‌ಫಾರಂನ ಕಾಲದ ಅಕ್ಷವನ್ನು 5 ಸೆಂ.ಮೀ.ಗೆ ಮುಟ್ಟುತ್ತದೆ. ಲೋಕಲ್‌ನ 4 ಸೆಕೆಂಡು, ಪ್ಲಾಟ್‌ಫಾರಂಗೆ 5 ಸೆಕೆಂಡು. ಕಾಲ ಹಿಗ್ಗುವುದು ಅಂದರೆ ಇದೇ. ಶಾಲೆಯ 3-4-5 ತ್ರಿಕೋನವೇ ಇದು, ಎಷ್ಟು ಚೆಂದ ಅಲ್ವಾ!

ಆದರೆ ಲೋಡೆಲ್ ಇಬ್ಬರು ವೀಕ್ಷಕರಿಗಷ್ಟೇ. ಅವಳಿಗಳಲ್ಲಿ ಒಬ್ಬರು ಭೂಮಿಯಲ್ಲೇ ಉಳಿದು, ಇನ್ನೊಬ್ಬರು ಅತಿ ವೇಗದಲ್ಲಿ ದೂರ ಹೋಗಿ ಬರುವ ಲೆಕ್ಕದಲ್ಲಿ ಹೋಗುವಾಗ ಒಂದು ಚೌಕಟ್ಟು (ಅಂದರೆ ಒಂದು ಜೊತೆ ಅಕ್ಷ), ವಾಪಸ್ ಬರುವಾಗ ಇನ್ನೊಂದು, ಭೂಮಿಯದು ಮತ್ತೊಂದು. ಅಲ್ಲಿ ಮಿಂಕೊವ್ಸ್ಕಿಯೇ ಬೇಕು. ಕಾಲ ಹಿಗ್ಗುವುದನ್ನು ಕೈಯಾರೆ ಅಳೆದು ನೋಡೋದಕ್ಕೆ ಮಾತ್ರ ನಾನು ಮೊದಲು ಲೋಡೆಲ್ ಚಿತ್ರವನ್ನೇ ಹಾಕಿಸುತ್ತೇನೆ.