ಮಲೆನಾಡಿನ ಗೋಡೆಗೆ ಕಾಪುವಿನ ಕಡಲು

ಕಾಪುವಿನ ದೀಪಸ್ತಂಭದ ಬುಡದ ಬಂಡೆಗಳಿಗೆ ಮುಂಗಾರಿನ ಅಲೆ ಅಪ್ಪಳಿಸುವ ಈ ಛಾಯಾಚಿತ್ರ 36 ಅಂಗುಲ ಅಗಲ, 24 ಅಂಗುಲ ಎತ್ತರದ ಮುದ್ರಣವಾಗಿ, ಚೌಕಟ್ಟು ಸಹಿತ ಎಂಟೂವರೆ ಸಾವಿರ ರೂಪಾಯಿಗೆ ಆನ್‌ಲೈನ್ ಅಂಗಡಿಯೊಂದರಿಂದ ತೀರ್ಥಹಳ್ಳಿಯ ನಮ್ಮ ಮನೆಗೆ ಬಂದಿತು. ಅದು ಇಲ್ಲಿ ಒಂದು ಪೂರ್ತಿ ಮಳೆಗಾಲ ಕಳೆದಿದೆ. ಚಿತ್ರಕ್ಕೆ ಪೂರ್ಣ ಅಂಕ ಕೊಡಬಲ್ಲೆ, ಚೌಕಟ್ಟಿಗೆ ಕೊಡಲಾರೆ.

ಗೋಡೆಗೆಂದು ಮಾರಾಟವಾಗುವ ಕಡಲ ಚಿತ್ರಗಳಲ್ಲಿ ಹೆಚ್ಚಿನವು ಕಿತ್ತಳೆ ಬಣ್ಣದ ಆಕಾಶ ಮತ್ತು ಅಪ್ಪಟ ನೀಲಿ ನೀರಿನವು. ಕರಾವಳಿಯ ಕಡಲ ಮೇಲೆ ‘ಸೂರ್ಯೋದಯ’ ಎಂದು ಶೀರ್ಷಿಕೆ ಕೊಟ್ಟವರೂ ಇದ್ದಾರೆ. ಅಲ್ಲಿ ಸೂರ್ಯ ಹುಟ್ಟುವುದು ಘಟ್ಟದ ಕಡೆಯಿಂದ ಎಂಬುದು ಅವರಿಗೆ ಹೊಳೆದಂತಿಲ್ಲ. ಈ ಛಾಯಾಗ್ರಾಹಕರು ಅಂಥ ಆಮಿಷಕ್ಕೆ ಒಳಗಾಗಿಲ್ಲ. ಹೊಳೆಗಳು ಹೊತ್ತು ತಂದ ಮಣ್ಣಿನಿಂದ ದಡದ ಬಳಿ ಕಂದಿದ ನೀರು, ಅದರಾಚೆ ಸೀಸದ ಬಣ್ಣದ ಕಡಲು, ಮೋಡಕ್ಕೂ ನೀರಿಗೂ ನಡುವೆ ಅಳಿಸಿಹೋದ ಗೆರೆ, ಇವೆಲ್ಲ ಜುಲೈ ತಿಂಗಳಲ್ಲಿ ಕಾಣುವ ಹಾಗೆಯೇ ಇವೆ. 1901ರ ದೀಪಸ್ತಂಭವನ್ನು ನಡುವೆ ನಿಲ್ಲಿಸದೆ ಬಲದಂಚಿಗೆ ಸಣ್ಣದಾಗಿ ಸರಿಸಿರುವುದರಿಂದ ಅಲೆಯ ಎತ್ತರ ಎಷ್ಟೆಂಬುದು ತಟ್ಟನೆ ಅರಿವಾಗುತ್ತದೆ. ಕ್ಯಾಮೆರಾದೊಳಗೆ ಬೆಳಕು ಬಿಡುವ ಷಟರನ್ನು ಹಲವು ಸೆಕೆಂಡು ತೆರೆದಿಟ್ಟರೆ ಅಲೆಗಳೆಲ್ಲ ಕರಗಿ ಮಂಜಿನಂತಾಗುತ್ತವೆ, ಕಡಲಿನ ರೋಷವೇ ಹೊರಟುಹೋಗುತ್ತದೆ. ಇಲ್ಲಿ ಸೆಕೆಂಡಿನ ಒಂದು ಭಾಗದಷ್ಟು ಮಾತ್ರ ತೆರೆದಿರಬೇಕು, ಬಂಡೆಯಿಂದ ಹಿಂದೆ ಸರಿಯುವ ನೀರಿನ ಎಳೆಗಳು ಬಿಡಿಬಿಡಿಯಾಗಿ ಉಳಿದಿವೆ.

ಮೂಲಚಿತ್ರ 24 ಮೆಗಾಪಿಕ್ಸೆಲ್‌ನದು ಎಂದು ವಿವರಣೆಯಲ್ಲಿದೆ. ಅಂದರೆ ಈ ಅಳತೆಯಲ್ಲಿ ಅಂಗುಲಕ್ಕೆ ಸುಮಾರು 166 ಪಿಕ್ಸೆಲ್ ಸಿಗುತ್ತದೆ. ಪುಸ್ತಕದ ಮುದ್ರಣಕ್ಕೆ ಬಯಸುವ 300ಕ್ಕಿಂತ ಇದು ಕಡಿಮೆಯಾದರೂ ಐದಾರು ಅಡಿ ದೂರದಿಂದ ನೋಡುವ ಚಿತ್ರಕ್ಕೆ ಧಾರಾಳವಾಯಿತು. ಹೊಳಪಿಲ್ಲದ ಮ್ಯಾಟ್ ಕಾಗದವೂ, ಪ್ರತಿಫಲನ ತಡೆಯುವ ಗಾಜೂ ಒಳ್ಳೆಯ ಆಯ್ಕೆ. ತಗ್ಗಿದ ಸೂರಿನ ಮನೆಗಳಲ್ಲಿ ಬೆಳಕು ಬಾಗಿಲಿನಿಂದಷ್ಟೇ ಬರುವಾಗ ಹೊಳೆಯುವ ಅಕ್ರಿಲಿಕ್ ಹಾಳೆಯಲ್ಲಿ ಕಡಲಿಗಿಂತ ಮೊದಲು ಅಂಗಳ ಕಾಣುತ್ತದೆ. ಆದರೆ ಇಷ್ಟು ಮಬ್ಬು ಚಿತ್ರಕ್ಕೆ ದೀಪದ ಆಸರೆ ಬೇಕೇ ಬೇಕು. ಹಳದಿ ಬಲ್ಬಿನಡಿ ಬೂದು ಬಣ್ಣ ಕೆಮ್ಮಣ್ಣಿನಂತಾಗುತ್ತದೆ, ಅಷ್ಟು ಹಳದಿಯಲ್ಲದ, 4000 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ) ಎಲ್‌ಇಡಿ ಹಾಕಿದ ಮೇಲೆ ಸರಿಹೋಯಿತು.

ತೊಂದರೆ ಇರುವುದು ಚಿತ್ರದ ಬೆನ್ನಿನಲ್ಲಿ. ಹಿಂಬದಿಗೆ ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆ ಬಡಿದು, ಅದು ಗೋಡೆಗೆ ಪೂರ್ತಿ ಅಂಟಿಕೊಳ್ಳುವಂತೆ ಕೊಂಡಿ ಕೊಟ್ಟಿದ್ದಾರೆ. ನಮ್ಮ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರ್ ದಾಟುತ್ತದೆ. ಇಲ್ಲಿ ಅಷ್ಟಿಲ್ಲದಿದ್ದರೂ ಗೋಡೆ ಶೀತ ಹಿಡಿಯಲು ಬೇಕಾದಷ್ಟಿದೆ. ಆಟಿ ತಿಂಗಳ (ಜುಲೈ-ಆಗಸ್ಟ್) ಹೊತ್ತಿಗೆ ಹಲಗೆಯ ಕೆಳಗಿನ ಅಂಚು ಉಬ್ಬಿತು, ಚಿತ್ರದ ಸುತ್ತಲಿನ ಬಿಳಿ ರಟ್ಟಿನ ಮೇಲೆ ಬೂಷ್ಟಿನ ಚುಕ್ಕೆಗಳು ಮೂಡಿದವು. ಪಿಗ್ಮೆಂಟ್ (ಬಣ್ಣದ ಪುಡಿಯ) ಶಾಯಿಯ ಮುದ್ರಣಕ್ಕೆ ಮಾತ್ರ ಏನೂ ಆಗಿಲ್ಲ. ಅಂಗಡಿಯವರನ್ನು ಕೇಳಿದರೆ ತೇವದಿಂದಾದ ಹಾನಿಗೆ ವಾರಂಟಿ ಅನ್ವಯಿಸುವುದಿಲ್ಲವೆಂಬ ಉತ್ತರ ಬಂದಿತು. ಕಡಲಿನ ಚಿತ್ರ ಮಾರುವವರ ಬಾಯಲ್ಲಿ ಈ ಮಾತು ಸ್ವಲ್ಪ ತಮಾಷೆಯಾಗಿಯೇ ಕೇಳಿಸಿತು. ಇದೇ ಚಿತ್ರ ಕ್ಯಾನ್ವಾಸಿನಲ್ಲಿಯೂ ಸಿಗುತ್ತದೆ, ಆದರೆ ಹತ್ತಿಯ ಕ್ಯಾನ್ವಾಸು ತೇವ ಹೀರಿ ಸಡಿಲಗೊಳ್ಳುವುದರಿಂದ ನಮ್ಮ ಕಡೆಗೆ ಅದನ್ನು ಶಿಫಾರಸು ಮಾಡಲಾರೆ.

ಕೊಳ್ಳುವವರು ಚೌಕಟ್ಟಿಲ್ಲದ ಮುದ್ರಣವನ್ನಷ್ಟೇ ಕೊಳವೆಯಲ್ಲಿ ಸುತ್ತಿ ತರಿಸಿಕೊಂಡು, ಶಿವಮೊಗ್ಗದ ಯಾವುದಾದರೂ ಫ್ರೇಮ್ ಅಂಗಡಿಯಲ್ಲಿ ಸಾಗುವಾನಿ ಚೌಕಟ್ಟು ಹಾಕಿಸುವುದು ಲೇಸು. ಹಿಂಬದಿಗೆ ಅಲ್ಯೂಮಿನಿಯಂ ಕಾಂಪೋಸಿಟ್ ಹಾಳೆ (ಪ್ಲಾಸ್ಟಿಕ್ಕಿನ ಎರಡೂ ಬದಿಗೆ ಅಲ್ಯೂಮಿನಿಯಂ ತಗಡು ಅಂಟಿಸಿದ್ದು) ಕೊಡಲು ಹೇಳಿ, ಗಾಳಿಯಾಡುವಂತೆ ನಾಲ್ಕು ಮೂಲೆಗೂ ರಬ್ಬರ್ ಬಿಲ್ಲೆ ಅಂಟಿಸಿಕೊಳ್ಳಬೇಕು. ಇರಿಚಲು ಹೊಡೆಯುವ ಪಡುವಣದ ಹೊರಗೋಡೆಯನ್ನು ಬಿಟ್ಟು ಒಳಗೋಡೆಯೊಂದಕ್ಕೆ ಅದನ್ನು ತೂಗುಹಾಕಬೇಕು.